ಯಾರ ಬಲಗಡೆ?

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಹುತ್ರಿದುರ್ಗವೆಂಬ ಗಿರಿದುರ್ಗವೊಂದಿದೆ. ಮಾಗಡಿಯ ಕೆಂಪೇಗೌಡರ ವಂಶದ ಹೆಸರಿನೊಡನೆ ಬೆಸೆದುಕೊಂಡ ಈ ಕೋಟೆಯ ಗೋಡೆಗಳು ಇಂದಿಗೂ ಬೆಟ್ಟದ ಮೈಯನ್ನು ಸುತ್ತುಸುತ್ತಾಗಿ ಬಳಸಿವೆ. 1791ರ ಡಿಸೆಂಬರ್ ತಿಂಗಳಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ, ಕಾರ್ನ್‌ವಾಲಿಸನ ಸೇನೆ ಸಾವನದುರ್ಗವನ್ನು ಹಿಡಿದು, ಕೆಲವೇ ದಿನಗಳಲ್ಲಿ ಇದನ್ನೂ ಟಿಪ್ಪು ಸುಲ್ತಾನನಿಂದ ಕಸಿದುಕೊಂಡಿತು. ಆ ಕದನದ ಸದ್ದು ಅಡಗಿ ಎರಡು ಶತಮಾನಗಳಿಗೂ ಮೇಲಾಗಿದೆ. ಈಗ ಬೆಟ್ಟದ ನೆತ್ತಿಯಲ್ಲಿ ಶಂಕರೇಶ್ವರನ ಗುಡಿಯಿದೆ. ಬಂಡೆ, ಗಾಳಿ, ಬಿಸಿಲುಗಳಿವೆ. ಸುತ್ತಲೂ ಕಣ್ಣು ಹರಿಯುವಷ್ಟು ದೂರ ಬಯಲೂ ಬೆಟ್ಟಗಳೂ ಹರಡಿಕೊಂಡಿವೆ.

ಆ ನೆತ್ತಿಯ ಮೇಲೆ ಮೂಡಣಕ್ಕೆ ಮುಖಮಾಡಿ ನಿಂತವನಿಗೆ ಸಾವನದುರ್ಗದ ಹೆಬ್ಬಂಡೆ ಇರುವುದು ಎದುರು ದಿಕ್ಕಿನಲ್ಲಿ. ಶಿವಗಂಗೆಯ ಬೆಟ್ಟ ಅವನ ಎಡಗಡೆಗೆ ಇದೆ. ಹುಲಿಯೂರುದುರ್ಗ ಬಲಗಡೆಗೆ, ತುಸು ಬೆನ್ನ ಹಿಂದೆ ಇದೆ. ಅವನು ನಿಂತಲ್ಲಿಯೇ ಹೊರಳಿ ಪಡುವಣಕ್ಕೆ ಮುಖಮಾಡಿದನೆಂದರೆ ಶಿವಗಂಗೆ ಬಲಕ್ಕೆ ಬಂದುಬಿಡುತ್ತದೆ. ಹುಲಿಯೂರುದುರ್ಗ ಎಡಕ್ಕೆ ಸರಿಯುತ್ತದೆ. ಯಾವ ಬೆಟ್ಟವೂ ಒಂದು ಅಂಗುಲ ಕದಲಿಲ್ಲ. ತಿರುಗಿದ್ದು ಮನುಷ್ಯ ಮಾತ್ರ. ಹತ್ತುವಾಗ ಬಲಕ್ಕಿದ್ದ ಕೋಟೆಯ ಗೋಡೆ ಇಳಿಯುವಾಗ ಎಡಕ್ಕೆ ಸಿಗುತ್ತದೆ. ಹತ್ತುವವನೊಬ್ಬ ಇಳಿಯುವವನೊಬ್ಬನನ್ನು ಅರ್ಧದಾರಿಯಲ್ಲಿ ಕಂಡು “ನೀರಿನ ದೊಣೆ ಯಾವ ಕಡೆ ಅಣ್ಣಾ?” ಎಂದು ಕೇಳಿದರೆ, “ಬಲಗಡೆ” ಎಂಬ ಉತ್ತರದಿಂದ ಅವನ ಬಾಯಾರಿಕೆ ತೀರುವುದಿಲ್ಲ. ಅದು ಯಾರ ಬಲಗಡೆ ಎಂಬುದನ್ನೂ ಕೇಳಿ ತಿಳಿಯಬೇಕಾಗುತ್ತದೆ.

ನಿತ್ಯಜೀವನದಲ್ಲಿ ಅತ್ಯಂತ ಸುಲಭವೆಂದು ತೋರುವ ಮಾತುಗಳಲ್ಲಿ ‘ಬಲಗಡೆ’ ಎಂಬುದೂ ಒಂದು. ಮೂರು ವರ್ಷದ ಮಗುವಿಗೆ ಮೇಲೆ ಕೆಳಗೆ ಎಂಬುದು ತಿಳಿದಿರುತ್ತದೆ. ಎಡಬಲಗಳು ತಿಳಿಯುವುದಕ್ಕೆ ಇನ್ನೂ ಕೆಲವು ವರ್ಷಗಳು ಬೇಕು. ತನ್ನ ಎದುರಿಗೆ ನಿಂತವರ ಬಲಗೈ ಯಾವುದೆಂದು ತಡವರಿಸದೆ ಹೇಳಲು ಮತ್ತೂ ಕೆಲವು ವರ್ಷಗಳು ಬೇಕು. ಮೇಲೆ ಕೆಳಗೆ ಎಂಬುದನ್ನು ಭೂಮಿಯ ಸೆಳೆತ ನಿಶ್ಚಯಿಸುತ್ತದೆ. ಮುಂದೆ ಹಿಂದೆ ಎಂಬುದನ್ನು ಕಣ್ಣು ನಿಶ್ಚಯಿಸುತ್ತದೆ. ಬಲವನ್ನು ನಿಶ್ಚಯಿಸಲು ಹೊರಗಿನ ಯಾವ ಗುರುತೂ ಇಲ್ಲ. ಒಂದು ದೇಹವಿದ್ದರೆ ಮಾತ್ರ ಅದಕ್ಕೊಂದು ಬಲಗಡೆ.

ಹಳ್ಳಿಯ ಒಕ್ಕಲಿಗನು ಈ ತೊಡಕನ್ನು ಬಹಳ ಹಿಂದೆಯೇ ಕಂಡುಕೊಂಡು ಅದಕ್ಕೊಂದು ದಾರಿಯನ್ನು ಮಾಡಿಕೊಂಡಿದ್ದಾನೆ. ಅವನು ‘ಬಲಗಡೆಯ ಹೊಲ’ ಎನ್ನುವುದಿಲ್ಲ. ‘ಮೂಡಲ ಹೊಲ’, ‘ತೆಂಕಲ ಬೇಲಿ’, ‘ಪಡುವಲ ಬಾಗಿಲು’ ಎನ್ನುತ್ತಾನೆ. ಸೂರ್ಯನು ಹುಟ್ಟುವ ದಿಕ್ಕು ಹತ್ತುವವನಿಗೂ ಇಳಿಯುವವನಿಗೂ ಒಂದೇ ಆಗಿರುತ್ತದೆ. ಆಸ್ಟ್ರೇಲಿಯದ ಗೂಗು ಯಿಮಿದಿರ್ ಎಂಬ ಭಾಷೆಯನ್ನಾಡುವ ಮೂಲನಿವಾಸಿಗಳು ವಸ್ತುಗಳ ಸ್ಥಾನವನ್ನು ಹೇಳುವಾಗ ಎಡಬಲಗಳ ಬದಲು ದಿಕ್ಕುಗಳನ್ನೇ ಬಳಸುವುದನ್ನು ಭಾಷಾಶಾಸ್ತ್ರಜ್ಞರು ವಿವರವಾಗಿ ಅಭ್ಯಾಸಮಾಡಿದ್ದಾರೆ.

ನದಿಯ ದಂಡೆಗಳಿಗೆ ಹೆಸರಿಡುವಾಗಲೂ ಇಂತಹುದೇ ಒಂದು ಜಾಣ್ಮೆ ಕಾಣುತ್ತದೆ. ಶಿಂಷಾ ನದಿ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯವನ್ನು ಹೊಕ್ಕು, ಮುಂದೆ ಹರಿದು ಕಾವೇರಿಯನ್ನು ಸೇರುತ್ತದೆ. ಅದರ ಬಲದಂಡೆ ಯಾವುದೆಂಬುದಕ್ಕೆ ನಿಯಮವೊಂದಿದೆ. ನೀರು ಹರಿದುಹೋಗುವ ದಿಕ್ಕಿಗೆ ಮುಖಮಾಡಿ ನಿಲ್ಲಬೇಕು. ಆಗ ಬಲಗೈ ಕಡೆಗಿರುವುದು ಬಲದಂಡೆ. ನೋಡುವವನು ಯಾವ ದಡದಲ್ಲಿದ್ದರೂ, ಸೇತುವೆಯ ಮೇಲೆ ಯಾವ ಕಡೆಗೆ ತಿರುಗಿದ್ದರೂ ಈ ಲೆಕ್ಕ ತಪ್ಪುವುದಿಲ್ಲ. ಗೊರೂರಿನಿಂದ ತುಮಕೂರು ಜಿಲ್ಲೆಯತ್ತ ನೀರು ತರುವ ನಾಲೆ ‘ಹೇಮಾವತಿ ಎಡದಂಡೆ ನಾಲೆ’ ಎನಿಸಿರುವುದೂ ಈ ನಿಯಮದಂತೆಯೇ. ಎಂಜಿನಿಯರನು ತನ್ನ ಬಲವನ್ನು ಮರೆತು ನದಿಯ ಬಲವನ್ನು ಒಪ್ಪಿಕೊಂಡಿದ್ದಾನೆ. ನದಿಯೂ ಒಂದು ದೇಹವೆಂದು ಭಾವಿಸಿ, ಅದರ ಮುಖ ಎತ್ತ ಇದೆಯೆಂದು ನೋಡಿ, ಅದರ ಕೈಗಳಿಗೆ ಹೆಸರಿಟ್ಟಂತೆ ಈ ಏರ್ಪಾಡು.

ಬಲಗಡೆ ಎಂಬುದು ದಿಕ್ಕನ್ನು ತೋರಿಸುವ ಸಾಧನವಾಗಿ ಮಾತ್ರ ಉಳಿದಿದ್ದರೆ ಅದರ ವಿಚಾರ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮನುಷ್ಯನು ಆ ಮಾತಿಗೆ ಗೌರವದ ಕಿರೀಟವನ್ನೂ ತೊಡಿಸಿದ್ದಾನೆ. ಕನ್ನಡದಲ್ಲಿ ‘ಬಲ’ ಎಂಬ ಶಬ್ದಕ್ಕೆ ಎರಡು ಬೇರುಗಳಿವೆ. ಒಂದು ಸಂಸ್ಕೃತದ ‘ಬಲ’. ಅದಕ್ಕೆ ಶಕ್ತಿಯೆಂದು ಅರ್ಥ. ಇನ್ನೊಂದು ದ್ರಾವಿಡ ಮೂಲದ್ದು. ತಮಿಳು ಮಲಯಾಳಗಳ ‘ವಲಂ’ ಇದರ ದಾಯಾದಿ. ತಮಿಳಿನ ‘ವಾಯ್’ ಕನ್ನಡದಲ್ಲಿ ‘ಬಾಯಿ’ ಆದಂತೆ ಇಲ್ಲಿಯೂ ವಕಾರದ ಸ್ಥಾನದಲ್ಲಿ ಬಕಾರ ನಿಂತಿದೆ. ಎರಡು ಶಬ್ದಗಳೂ ಕನ್ನಡದಲ್ಲಿ ಒಂದೇ ರೂಪವನ್ನು ತಳೆದದ್ದರಿಂದ ಬಲಗೈ ಎಂದೊಡನೆ ಬಲವುಳ್ಳ ಕೈ ಎಂಬ ಭಾವನೆ ತಾನಾಗಿಯೇ ಸುಳಿಯುತ್ತದೆ. ಸಂಸ್ಕೃತದ ‘ದಕ್ಷಿಣ’ ಶಬ್ದ ಸಮರ್ಥನಾದ ‘ದಕ್ಷ’ನ ಬಂಧು. ಮೂಡಣಕ್ಕೆ ಮುಖಮಾಡಿ ನಿಂತವನ ಬಲಗೈ ತೆಂಕಣ ದಿಕ್ಕಿನಲ್ಲಿರುವುದರಿಂದ ಅದೇ ಶಬ್ದ ಒಂದು ದಿಕ್ಕಿಗೂ ಹೆಸರಾಯಿತು. ಪ್ರಾಕೃತದ ಮೂಲಕ ಹಾದು ‘ದಖ್ಖನ್’ ಎಂಬ ನಾಡಿನ ಹೆಸರೂ ಆಯಿತು.

ಆಚಾರ ವ್ಯವಹಾರಗಳಲ್ಲಿ ಬಲಕ್ಕೆ ದೊರೆತಿರುವ ಮನ್ನಣೆಗೆ ಲೆಕ್ಕವಿಲ್ಲ. ಮನೆಗೆ ಬಂದ ಸೊಸೆ ಬಲಗಾಲನ್ನು ಮುಂದಿಟ್ಟು ಹೊಸ್ತಿಲನ್ನು ದಾಟಬೇಕು. ಊಟ ಬಲಗೈಯಲ್ಲಿ, ದಾನ ಬಲಗೈಯಲ್ಲಿ, ಪ್ರಸಾದ ಬಲಗೈಯಲ್ಲಿ. ಬೆಳಗ್ಗೆ ಏಳುವುದು ಬಲಮಗ್ಗುಲಿನಿಂದ. ನೆಚ್ಚಿನ ಸಹಾಯಕನು ಯಜಮಾನನ ಬಲಗೈ. ಅಲಕ್ಷ್ಯದಿಂದ ಕೊಟ್ಟದ್ದು ಎಡಗೈಯಲ್ಲಿ ಕೊಟ್ಟಂತೆ. ಈ ಪಕ್ಷಪಾತ ಕನ್ನಡನಾಡಿಗೆ ಮಾತ್ರ ಸೇರಿದ್ದಲ್ಲ. ಲ್ಯಾಟಿನ್ ಭಾಷೆಯಲ್ಲಿ ಬಲವನ್ನು ಸೂಚಿಸುವ ‘ಡೆಕ್ಸ್‌ಟರ್’ ಎಂಬ ಮಾತಿನಿಂದ ಇಂಗ್ಲಿಷಿಗೆ ನೈಪುಣ್ಯವೆಂಬ ಅರ್ಥದ ಪದ ಬಂದಿತು; ಎಡವನ್ನು ಸೂಚಿಸುವ ‘ಸಿನಿಸ್ಟರ್’ ಎಂಬುದರಿಂದ ಕೇಡಿನ ಮುನ್ಸೂಚನೆಯ ಪದ ಬಂದಿತು. ಸಂಸ್ಕೃತವೊಂದು ಸ್ವಲ್ಪ ಉದಾರವಾಗಿದೆಯೆನ್ನಬಹುದು: ಎಡವೆಂದೂ ಪ್ರತಿಕೂಲವೆಂದೂ ಅರ್ಥ ಕೊಡುವ ‘ವಾಮ’ ಶಬ್ದಕ್ಕೆ ಅಲ್ಲಿ ಸುಂದರವೆಂಬ ಅರ್ಥವೂ ಉಂಟು.

ಹುತ್ರಿದುರ್ಗದ ನೆತ್ತಿಯಲ್ಲಿರುವಂತಹ ಶಿವನ ಗುಡಿಗಳಲ್ಲಿ ಪ್ರದಕ್ಷಿಣೆಯ ರೀತಿ ವಿಚಾರಯೋಗ್ಯವಾದದ್ದು. ಪ್ರದಕ್ಷಿಣೆಯೆಂದರೆ ದೇವರು ಸದಾ ತನ್ನ ಬಲಕ್ಕೆ ಇರುವಂತೆ ಸುತ್ತಿಬರುವುದು. ಹಳಗನ್ನಡದವರು ಇದನ್ನು ‘ಬಲಗೊಳ್ಳುವುದು’ ಎಂದರು. ಸುತ್ತುವವನು ನಾಲ್ಕು ದಿಕ್ಕುಗಳಿಗೂ ತಿರುಗುತ್ತಾನೆ. ಆದರೆ ಗರ್ಭಗುಡಿ ಅವನ ಬಲವನ್ನು ಬಿಟ್ಟು ಹೋಗುವುದಿಲ್ಲ. ಶಿವಾಲಯದಲ್ಲಿ ಮಾತ್ರ ಅಭಿಷೇಕದ ನೀರು ಹೊರಬರುವ ಸೋಮಸೂತ್ರವನ್ನು ದಾಟಬಾರದೆಂಬ ಸಂಪ್ರದಾಯವಿದೆ. ಭಕ್ತನು ಅಲ್ಲಿಯವರೆಗೆ ಹೋಗಿ, ಬಂದ ದಾರಿಯಲ್ಲಿಯೇ ಹಿಂದಿರುಗುತ್ತಾನೆ. ಹಿಂದಿರುಗುವಾಗ ದೇವರು ಅವನ ಎಡಕ್ಕಿರುತ್ತಾನೆ. ಅದರಿಂದ ಅಪಚಾರವಾಯಿತೆಂದು ಯಾರೂ ಎಣಿಸುವುದಿಲ್ಲ. ಬಲಕ್ಕೆ ಕೊಟ್ಟ ಮನ್ನಣೆ ಕೂಡ ಸಂದರ್ಭವನ್ನು ನೋಡಿ ಬಾಗುತ್ತದೆ.

ಆದರೆ ಎಲ್ಲ ಕಡೆಗಳಲ್ಲಿಯೂ ಅದು ಹೀಗೆ ಬಾಗಲಿಲ್ಲ. ದೇಹದ ಪಕ್ಕಗಳಿಗೆ ಅಂಟಿದ್ದ ಹಿರಿಮೆ ಕಿರಿಮೆಗಳು ಮನುಷ್ಯರ ಗುಂಪುಗಳಿಗೂ ಅಂಟಿಕೊಂಡವು. ಮೈಸೂರು ಸೀಮೆಯಲ್ಲಿಯೂ ತಮಿಳುನಾಡಿನಲ್ಲಿಯೂ ಹಲವು ಜಾತಿಗಳು ‘ಬಲಗೈ’ಯವರು, ‘ಎಡಗೈ’ಯವರು ಎಂದು ಎರಡು ಪಂಗಡಗಳಾಗಿ ನಿಂತಿದ್ದವು. ಬಲಗೈಗೆ 18 ಪಣ, ಎಡಗೈಗೆ 9 ಪಣ ಎಂದು ಮೈಸೂರಿನಲ್ಲಿ ಹೇಳುತ್ತಿದ್ದರು. 1800 ಮತ್ತು 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಭೇದವನ್ನು ಕಂಡು ಬರೆದಿಟ್ಟಿದ್ದಾನೆ. ಮೆರವಣಿಗೆ ಯಾವ ಬೀದಿಯಲ್ಲಿ ಹೋಗಬೇಕು, ಯಾರು ಯಾವ ಬಿರುದನ್ನು ಹಿಡಿಯಬೇಕು ಎಂಬ ವಿಷಯಗಳಿಗಾಗಿ ಈ ಎರಡು ಪಕ್ಷಗಳು ಹೊಡೆದಾಡಿದುದುಂಟು. ಒಂದೇ ದೇಹದ ಎರಡು ಕೈಗಳ ಹೆಸರನ್ನು ಹೊತ್ತವರು ಒಬ್ಬರನ್ನೊಬ್ಬರು ಅನ್ಯರೆಂದು ಕಂಡರು. ಹೆಸರಿನ ಮೂಲವಾದ ದೇಹವನ್ನು ಒಮ್ಮೆ ವಿಚಾರಿಸಿದ್ದರೆ ಅದು ಬೇರೆಯೇ ಸಾಕ್ಷ್ಯವನ್ನು ನುಡಿಯುತ್ತಿತ್ತು.

ಆ ಸಾಕ್ಷ್ಯವನ್ನು ವೈದ್ಯಶಾಸ್ತ್ರ ಇಂದು ಸ್ಪಷ್ಟವಾಗಿ ತೆರೆದಿಟ್ಟಿದೆ. ಹೊರಗಿನಿಂದ ನೋಡಿದರೆ ಮನುಷ್ಯನ ಎರಡು ಪಕ್ಕಗಳೂ ಕನ್ನಡಿಯ ಬಿಂಬಗಳಂತೆ ಒಂದೇ ಆಗಿವೆ. ಚರ್ಮದ ಒಳಗೆ ಹಾಗಿಲ್ಲ. ಯಕೃತ್ತು ಬಲಕ್ಕೆ, ಪ್ಲೀಹ ಎಡಕ್ಕೆ ಎಂಬುದು ಸುಶ್ರುತ ಸಂಹಿತೆಯ ಕಾಲದಲ್ಲಿಯೇ ತಿಳಿದಿತ್ತು. ವಯಸ್ಕನಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಯಕೃತ್ತು ವಪೆಯ ಕೆಳಗೆ ಬಹುಪಾಲು ಬಲಭಾಗವನ್ನು ಆಕ್ರಮಿಸಿಕೊಂಡಿದೆ. ಅದಕ್ಕೆ ಎಡೆ ಮಾಡಿಕೊಡುವುದಕ್ಕಾಗಿ ಬಲ ಮೂತ್ರಪಿಂಡ ಸಾಮಾನ್ಯವಾಗಿ ಎಡದ್ದಕ್ಕಿಂತ ತುಸು ಕೆಳಗಿರುತ್ತದೆ. ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡದ್ದಕ್ಕೆ ಎರಡು. ಹೃದಯದ ತುದಿ ಎಡಕ್ಕೆ ವಾಲಿರುವುದರಿಂದ ಎಡ ಶ್ವಾಸಕೋಶ ತನ್ನ ಜಾಗದಲ್ಲಿ ಸ್ವಲ್ಪವನ್ನು ಅದಕ್ಕೆ ಬಿಟ್ಟುಕೊಟ್ಟಿದೆ. ಒಂದು ಚಿಕ್ಕ ಮನೆಯಲ್ಲಿ ದೊಡ್ಡ ಸಂಸಾರ ಹೊಂದಿಕೊಂಡು ಬಾಳುವಂತೆ ಇಲ್ಲಿ ಒಬ್ಬರಿಗಾಗಿ ಇನ್ನೊಬ್ಬರು ಸರಿದು ಕುಳಿತಿದ್ದಾರೆ.

ಬಲವೆಂದರೆ ಶಕ್ತಿಯೆಂದು ನಂಬಿದವನು ಹೃದಯವನ್ನು ನೋಡಬೇಕು. ಬಲ ಹೃತ್ಕರ್ಣ ದೇಹದಿಂದ ಹಿಂದಿರುಗಿದ ಮಲಿನರಕ್ತವನ್ನು ಬರಮಾಡಿಕೊಳ್ಳುತ್ತದೆ. ಬಲ ಹೃತ್ಕುಕ್ಷಿ ಅದನ್ನು ಹತ್ತಿರದಲ್ಲಿಯೇ ಇರುವ ಶ್ವಾಸಕೋಶಗಳಿಗೆ ಕಳುಹಿಸುತ್ತದೆ. ದಾರಿ ಹತ್ತಿರವಾದುದರಿಂದ ಅದರ ಗೋಡೆ ತೆಳು. ಎಡ ಹೃತ್ಕುಕ್ಷಿಯಾದರೋ ನೆತ್ತಿಯಿಂದ ಅಂಗಾಲಿನವರೆಗೆ ಇಡೀ ದೇಹಕ್ಕೆ ರಕ್ತವನ್ನು ಒತ್ತಿ ಕಳುಹಿಸಬೇಕು. ಅದರ ಗೋಡೆ ದಪ್ಪ. ಹೆಚ್ಚಿನ ಭಾರ ಹೊತ್ತಿರುವುದು ಎಡಭಾಗ. ಆದರೂ ಬಲಭಾಗ ಒಂದು ಕ್ಷಣ ನಿಂತರೆ ಎಡಭಾಗಕ್ಕೆ ಒತ್ತಲು ರಕ್ತವೇ ಇರುವುದಿಲ್ಲ. ಇವುಗಳಲ್ಲಿ ಹಿರಿದು ಯಾವುದು, ಕಿರಿದು ಯಾವುದು ಎಂಬ ಪ್ರಶ್ನೆಯೇ ಅಲ್ಲಿ ಅರ್ಥಹೀನ.

ಪಕ್ಕಗಳ ಈ ವ್ಯತ್ಯಾಸ ತಿಳಿದಿರುವುದರಿಂದ ಪ್ರಾಣಗಳು ಉಳಿಯುತ್ತವೆ. ತುಮಕೂರು ಜಿಲ್ಲೆಯಲ್ಲಿ ಕಡಲೆಕಾಯಿ ಸಾಮಾನ್ಯವಾದ ಬೆಳೆ. ಕಡಲೆಕಾಯಿಯ ಬೀಜ ಮಕ್ಕಳ ಕೈಗೆ ಸುಲಭವಾಗಿ ಸಿಗುತ್ತದೆ. ಆಡುತ್ತ ನಗುತ್ತ ತಿನ್ನುವ ಪುಟ್ಟ ಮಗುವಿನ ಬಾಯಿಂದ ಬೀಜವು ಅನ್ನನಾಳಕ್ಕೆ ಹೋಗದೆ ಶ್ವಾಸನಾಳಕ್ಕೆ ಜಾರಬಹುದು. ಶ್ವಾಸನಾಳದ ಬಲಗವಲು ಎಡಗವಲಿಗಿಂತ ಅಗಲ, ಗಿಡ್ಡ ಮತ್ತು ನೆಟ್ಟಗೆ ಇರುವುದರಿಂದ ಹೀಗೆ ಜಾರಿದ ವಸ್ತು ಹೆಚ್ಚಾಗಿ ಬಲ ಶ್ವಾಸಕೋಶದ ಕಡೆಗೆ ಹೋಗುತ್ತದೆ. ಕೆಮ್ಮಿ ಸುಮ್ಮನಾದ ಮಗುವಿಗೆ ಅಪಾಯ ಕಳೆಯಿತೆಂದು ಮನೆಯವರು ತಿಳಿಯುತ್ತಾರೆ; ಎದೆಯ ಎರಡು ಪಕ್ಕಗಳಿಗೂ ಕಿವಿಗೊಟ್ಟು ಹೋಲಿಸುವ ವೈದ್ಯನಿಗೆ ಬಲಗಡೆಯ ಉಸಿರು ಕ್ಷೀಣವಾಗಿರುವುದು ಕೇಳಿಸುತ್ತದೆ. ಹಾಗೆಯೇ ಹೊಕ್ಕುಳಿನ ಸುತ್ತ ಹುಟ್ಟಿದ ನೋವು ಕೆಲವು ಗಂಟೆಗಳಲ್ಲಿ ಹೊಟ್ಟೆಯ ಬಲಗಡೆಯ ಕೆಳಭಾಗಕ್ಕೆ ಇಳಿದು ಅಲ್ಲಿಯೇ ನೆಲೆಸಿದರೆ ವೈದ್ಯನು ಅಪೆಂಡಿಕ್ಸಿನ ಉರಿಯೂತವನ್ನು ಶಂಕಿಸುತ್ತಾನೆ. ಸೊಂಟದ ಮೂಳೆಯ ಮುಂತುದಿಗೂ ಹೊಕ್ಕುಳಿಗೂ ನಡುವೆ, ಮೂಳೆಯಿಂದ ಮೂರನೆಯ ಒಂದು ಭಾಗದಷ್ಟು ದೂರದಲ್ಲಿರುವ ಬಿಂದುವನ್ನು ಅಮೆರಿಕದ ಶಸ್ತ್ರವೈದ್ಯ ಚಾರ್ಲ್ಸ್ ಮ್ಯಾಕ್‌ಬರ್ನಿ 1889ರಲ್ಲಿ ಗುರುತಿಸಿ ವಿವರಿಸಿದನು. ಒಂದು ಬೆರಳಿನ ತುದಿಯಷ್ಟು ಜಾಗಕ್ಕೆ ಅಷ್ಟೊಂದು ಮಹತ್ವವಿದೆ.

ದೇಹದ ಬಲಗಡೆಯನ್ನು ಆಳುವ ಅರಸನು ಬಲಗಡೆಯಲ್ಲಿಯೇ ಇಲ್ಲವೆಂಬುದು ಇನ್ನೊಂದು ಸೋಜಿಗ. ಮಿದುಳಿನಿಂದ ಇಳಿದುಬರುವ ನರತಂತುಗಳಲ್ಲಿ ಬಹುಪಾಲು ಮಿದುಳಿನ ಬುಡದಲ್ಲಿ ಒಂದನ್ನೊಂದು ದಾಟಿ ಪಕ್ಕವನ್ನು ಬದಲಿಸುತ್ತವೆ. ಆದುದರಿಂದ ಬಲಗೈಯನ್ನು ಎತ್ತುವ ಆಜ್ಞೆ ಹೊರಡುವುದು ಮಿದುಳಿನ ಎಡ ಅರ್ಧಗೋಲದಿಂದ. 1861ರಲ್ಲಿ ಪ್ಯಾರಿಸಿನ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ಪೌಲ್ ಬ್ರೋಕಾ ಎಂಬ ವೈದ್ಯನು ಒಬ್ಬ ರೋಗಿಯನ್ನು ಕಂಡನು. ಆ ರೋಗಿಗೆ ಬಲಗೈ ಬಲಗಾಲುಗಳ ಸ್ವಾಧೀನ ತಪ್ಪಿತ್ತು; ಮಾತು ಅರ್ಥವಾಗುತ್ತಿತ್ತಾದರೂ ‘ಟಾನ್’ ಎಂಬ ಒಂದು ಸದ್ದನ್ನು ಬಿಟ್ಟು ಬೇರೇನನ್ನೂ ಹೆಚ್ಚಾಗಿ ನುಡಿಯಲಾರದವನಾಗಿದ್ದನು. ಅವನು ತೀರಿಕೊಂಡ ಮೇಲೆ ಪರೀಕ್ಷಿಸಿದಾಗ ಮಿದುಳಿನ ಎಡಗಡೆಯ ಮುಂಭಾಗ ಹಾಳಾಗಿರುವುದು ಕಂಡುಬಂದಿತು. ಕನ್ನಡದಲ್ಲಿ ಲಕ್ವವೆಂದೂ ಪಾರ್ಶ್ವವಾಯುವೆಂದೂ ಹೇಳುವ ಕಾಯಿಲೆಯ ಹೆಸರಿನಲ್ಲಿಯೇ ‘ಪಾರ್ಶ್ವ’, ಅಂದರೆ ಪಕ್ಕ, ಎಂಬ ಮಾತಿದೆ. ಮನೆಯ ಹಿರಿಯರೊಬ್ಬರ ಬಾಯಿ ಇದ್ದಕ್ಕಿದ್ದಂತೆ ಒಂದು ಕಡೆಗೆ ಸೊಟ್ಟಗಾದರೆ, ಎರಡು ಕೈಗಳನ್ನೂ ಎತ್ತಿ ಹಿಡಿಯಲು ಹೇಳಿದಾಗ ಒಂದು ಕೈ ಕೆಳಗೆ ಬಿದ್ದರೆ, ಮಾತು ತೊದಲಿದರೆ, ಎಣ್ಣೆ ತಿಕ್ಕುತ್ತ ಕುಳಿತುಕೊಳ್ಳುವುದು ಸರಿಯಲ್ಲ. ರಕ್ತ ಹೆಪ್ಪುಗಟ್ಟಿ ಬಂದ ಪಾರ್ಶ್ವವಾಯುವಿಗೆ ಆ ಹೆಪ್ಪನ್ನು ಕರಗಿಸುವ ಮದ್ದನ್ನು ಕೊಡುವುದಕ್ಕೆ ನಾಲ್ಕೂವರೆ ಗಂಟೆಗಳ ಅವಧಿ ಮಾತ್ರ ಇದೆ. ಒಡನೆಯೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸುವುದು ಮನೆಯ ಕಿರಿಯರಿಗೂ ಸಾಧ್ಯವಾದ ಕೆಲಸ.

ಅಪರೂಪಕ್ಕೆ ಪ್ರಕೃತಿಯೇ ಎಡಬಲಗಳನ್ನು ಅದಲುಬದಲು ಮಾಡುವುದುಂಟು. ಸಾವಿರಾರು ಜನರಲ್ಲಿ ಒಬ್ಬರಿಗೆ ಹೃದಯ ಬಲಕ್ಕೆ ವಾಲಿರುತ್ತದೆ. ವೈದ್ಯರು ಇದನ್ನು ಡೆಕ್ಸ್‌ಟ್ರೋಕಾರ್ಡಿಯಾ ಎನ್ನುತ್ತಾರೆ. ಕೆಲವರಲ್ಲಿ ಯಕೃತ್ತು, ಪ್ಲೀಹ, ಜಠರಗಳೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತವೆ. ಇಂಗ್ಲೆಂಡಿನ ಮ್ಯಾಥ್ಯೂ ಬೇಯ್ಲಿ 1788ರಲ್ಲಿಯೇ ಇಂತಹ ಒಂದು ದೇಹವನ್ನು ವರ್ಣಿಸಿದ್ದನು. ತಾಯಿಯ ಗರ್ಭದಲ್ಲಿ ಭ್ರೂಣವು ಎಡಬಲಗಳನ್ನು ಹೇಗೆ ಅರಿಯುತ್ತದೆಂಬ ಪ್ರಶ್ನೆಗೆ 1998ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಯ ಭ್ರೂಣಗಳಿಂದ ಒಂದು ಉತ್ತರವನ್ನು ಪಡೆದರು. ಭ್ರೂಣದ ಮೇಲಿನ ಅತಿ ಸೂಕ್ಷ್ಮವಾದ ಕೂದಲುಗಳು ಒಂದೇ ದಿಕ್ಕಿಗೆ ಗಿರಗಿರನೆ ತಿರುಗಿ ಸುತ್ತಲಿನ ದ್ರವವನ್ನು ಎಡಕ್ಕೆ ಹರಿಸುತ್ತವೆ. ಆ ಹರಿವಿನಿಂದ ಪಕ್ಕಗಳು ನಿಶ್ಚಯವಾಗುತ್ತವೆ. ನದಿಯ ದಂಡೆಗಳಂತೆ ದೇಹದ ಎಡಬಲಗಳೂ ಒಂದು ಹರಿವಿನಿಂದಲೇ ನಿರ್ಧಾರವಾಗುವುದು ಚಿಂತನಾರ್ಹವಾದ ಸಾಮ್ಯ. ಎಲ್ಲ ಅಂಗಗಳೂ ಪೂರ್ತಿಯಾಗಿ ತಿರುವುಮುರುವಾದ ಅನೇಕರು ಯಾವ ತೊಂದರೆಯೂ ಇಲ್ಲದೆ ಬಾಳುತ್ತಾರೆ. ಆದರೆ ಅವರ ಅಪೆಂಡಿಕ್ಸಿನ ನೋವು ಎಡಗಡೆಗೆ ಕಾಣಿಸಿಕೊಳ್ಳಬಹುದು. ಪುಸ್ತಕದಲ್ಲಿರುವ ದೇಹವನ್ನು ಮಾತ್ರ ನೋಡಿ, ಎದುರಿಗಿರುವ ದೇಹವನ್ನು ನೋಡದ ವೈದ್ಯನು ಅಲ್ಲಿ ಎಡವುತ್ತಾನೆ.

ಹುತ್ರಿದುರ್ಗದ ದಾರಿಯಲ್ಲಿ ಹುಟ್ಟಿದ ‘ಯಾರ ಬಲಗಡೆ?’ ಎಂಬ ಪ್ರಶ್ನೆ ಆಸ್ಪತ್ರೆಯಲ್ಲಿ ಪ್ರಾಣದ ಪ್ರಶ್ನೆಯಾಗುತ್ತದೆ. ವೈದ್ಯನೂ ರೋಗಿಯೂ ಎದುರುಬದುರಾಗಿ ಕುಳಿತಿರುವಾಗ ವೈದ್ಯನ ಬಲಕ್ಕಿರುವುದು ರೋಗಿಯ ಎಡಗೈ. ಆದುದರಿಂದ ವೈದ್ಯಶಾಸ್ತ್ರ ಒಂದು ಕಟ್ಟುನಿಟ್ಟಾದ ನಿಯಮವನ್ನು ಮಾಡಿಕೊಂಡಿದೆ: ಬಲವೆಂದರೆ ಯಾವಾಗಲೂ ರೋಗಿಯ ಬಲ. ಕನ್ನಡಕದ ಚೀಟಿಯಲ್ಲಿ ‘ಓ.ಡಿ.’ ಎಂಬ ಲ್ಯಾಟಿನ್ ಸಂಕೇತವಿದ್ದರೆ ಅದು ಕನ್ನಡಕ ಧರಿಸುವವನ ಬಲಗಣ್ಣು, ‘ಓ.ಎಸ್.’ ಎಂದರೆ ಅವನ ಎಡಗಣ್ಣು. ಎದೆಯ ಎಕ್ಸ್-ರೇ ಚಿತ್ರವನ್ನು ರೋಗಿಯು ಎದುರಿಗೆ ನಿಂತಿರುವಂತೆ ಇಟ್ಟು ನೋಡುವುದರಿಂದ ಚಿತ್ರದಲ್ಲಿ ನೋಡುವವನ ಎಡಕ್ಕಿರುವುದು ರೋಗಿಯ ಬಲ. ಚಿತ್ರ ತಿರುವುಮುರುವಾಗಿ ಮೋಸಹೋಗಬಾರದೆಂದು ತೆಗೆಯುವಾಗಲೇ ಪಕ್ಕವನ್ನು ಸೂಚಿಸುವ ಸೀಸದ ಅಕ್ಷರವೊಂದನ್ನು ಇಡುತ್ತಾರೆ. ಚಿತ್ರದ ಮೂಲೆಯಲ್ಲಿ ಬೆಳ್ಳಗೆ ಕಾಣುವ ಆ ಅಕ್ಷರವನ್ನು ರೋಗಿಯ ಮನೆಯವರು ಗಮನಿಸುವುದು ಅಪರೂಪ; ವೈದ್ಯನು ಗಮನಿಸದಿದ್ದರೆ ಕರ್ತವ್ಯಲೋಪ.

ಇಷ್ಟು ಎಚ್ಚರಿಕೆ ಏಕೆಂಬುದಕ್ಕೆ ಮೂತ್ರಪಿಂಡವೇ ಉತ್ತರ. ಬಲ ಮೂತ್ರಪಿಂಡ ಕೆಟ್ಟಿದ್ದು ಎಡದ್ದು ಚೆನ್ನಾಗಿದ್ದರೆ ಮನುಷ್ಯ ಒಂದರಿಂದಲೇ ಬದುಕಬಲ್ಲನು. ಆದರೆ ಕೈತಪ್ಪಿನಿಂದ ಆರೋಗ್ಯವಾಗಿದ್ದುದನ್ನು ತೆಗೆದುಬಿಟ್ಟರೆ ಆ ನಷ್ಟವನ್ನು ತುಂಬಿಕೊಡುವವರು ಯಾರು? ಲೋಕದ ನಾನಾ ದೇಶಗಳಲ್ಲಿ ಇಂತಹ ಅನಾಹುತಗಳು ನಡೆದಿವೆ. ಅವನ್ನು ಮಾಡಿದವರೆಲ್ಲರೂ ಅಜ್ಞಾನಿಗಳಲ್ಲ. ಬಳಲಿಕೆ, ಅವಸರ, ಅಸ್ಪಷ್ಟವಾದ ಬರಹ, ಕೇಳಲು ಅಂಜಿದ ಸಹಾಯಕ, ಇವುಗಳೊಳಗೊಂದು ಸಾಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಯ ಸುರಕ್ಷತೆಗಾಗಿ 19 ಅಂಶಗಳ ಒಂದು ಪಟ್ಟಿಯನ್ನು ಹೊರತಂದಿತು. ಅದರಂತೆ ಅರಿವಳಿಕೆ ಕೊಡುವ ಮೊದಲು ರೋಗಿಯ ಹೆಸರನ್ನೂ, ನಡೆಯಬೇಕಾದ ಚಿಕಿತ್ಸೆಯನ್ನೂ, ದೇಹದ ಯಾವ ಜಾಗವೆಂಬುದನ್ನೂ ರೋಗಿಯಿಂದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಆ ಜಾಗಕ್ಕೆ ಮಸಿಯಿಂದ ಗುರುತು ಹಾಕಿರಬೇಕು. ಚರ್ಮಕ್ಕೆ ಶಸ್ತ್ರ ತಾಗುವ ಮುನ್ನ ಎಲ್ಲರೂ ಒಂದು ಕ್ಷಣ ನಿಂತು ಇವನ್ನೆಲ್ಲ ಮತ್ತೊಮ್ಮೆ ಗಟ್ಟಿಯಾಗಿ ಹೇಳಿಕೊಳ್ಳಬೇಕು. ವರ್ಷಗಟ್ಟಲೆ ಓದಿದ ವೈದ್ಯನು, “ಅಮ್ಮಾ, ನಿಮ್ಮ ಯಾವ ಕಾಲು ನೋಯುತ್ತಿದೆ?” ಎಂದು ಅಕ್ಷರ ಬಾರದ ಮುದುಕಿಯನ್ನು ಕೇಳಿ, ಅವಳು ಮುಟ್ಟಿ ತೋರಿಸಿದ ಮೇಲೆ ಮುಂದುವರಿಯುವುದು ಅವನಿಗೆ ಕುಂದಲ್ಲ. ತನ್ನ ಬಲದಿಂದ ಎದ್ದು ಅವಳ ಬಲಕ್ಕೆ ಹೋಗಿ ನಿಲ್ಲುವುದೇ ಅವನ ವಿದ್ಯೆಯ ಫಲ.

ಈ ಪಾಠವನ್ನು ಕಲಿಯಲು ವೈದ್ಯನೇ ಆಗಬೇಕಾಗಿಲ್ಲ. ಹಳ್ಳಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಕವಾಯತು ಕಲಿಸುವ ಮಾಸ್ತರರನ್ನು ನೋಡಿದರೂ ಸಾಕು. ಮಕ್ಕಳಿಗೆ ಎದುರಾಗಿ ನಿಂತು “ಬಲಗೈ ಮೇಲಕ್ಕೆ” ಎಂದು ಕೂಗುವಾಗ ಅವರು ತಮ್ಮ ಎಡಗೈಯನ್ನು ಮೇಲಕ್ಕೆತ್ತುತ್ತಾರೆ. ಅವರಿಗೆ ಎಡಬಲ ತಿಳಿಯದೆಂದಲ್ಲ. ತಮ್ಮನ್ನು ನೋಡಿ ಕೈಯೆತ್ತುವ ಪುಟ್ಟ ಮಕ್ಕಳ ಬಲಗೈ ಮೇಲೇಳಬೇಕಾದರೆ ತಮ್ಮ ಎಡಗೈಯೇ ಏಳಬೇಕೆಂಬುದು ಅವರಿಗೆ ಗೊತ್ತಿದೆ.

ಆದರೆ ಅದೇ ಅಂಗಳದಿಂದ ಒಳಗೆ ಬಂದ ಮೇಲೆ, ತರಗತಿಯ ಮೂಲೆಯಲ್ಲಿ ಎಡಗೈಯಿಂದ ಬರೆಯುತ್ತಿರುವ ಮಗು ಹಿಂದಿನ ಕಾಲದಲ್ಲಿ ಬೆರಳಿನ ಗೆಣ್ಣುಗಳ ಮೇಲೆ ಏಟನ್ನು ತಿನ್ನುತ್ತಿತ್ತು. ಲೋಕದಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿ ಎಡಗೈಯವರು. ಅವರು ಹಟಮಾರಿಗಳಲ್ಲ, ಶಿಸ್ತಿಲ್ಲದವರಲ್ಲ. ಅವರ ಮಿದುಳು ಕೆಲಸಕ್ಕೆ ಆರಿಸಿಕೊಂಡ ಕೈ ಅದು. ಕತ್ತರಿಯನ್ನು ಬಲಗೈಗೆಂದು ಮಾಡಿದ್ದಾರೆ. ಎಡದಿಂದ ಬಲಕ್ಕೆ ಸಾಗುವ ಕನ್ನಡದ ಬರವಣಿಗೆಯಲ್ಲಿ ಎಡಗೈ ತಾನು ಬರೆದ ಹಸಿ ಮಸಿಯ ಮೇಲೆಯೇ ಹಾದುಹೋಗಿ ಅಕ್ಷರಗಳನ್ನು ಕದಡುತ್ತದೆ. ಇಷ್ಟು ತೊಡಕುಗಳನ್ನು ಮೌನವಾಗಿ ಸಹಿಸಿ ಬರೆಯುವ ಮಗುವಿಗೆ ಎಡಚನೆಂಬ ಹಾಸ್ಯದ ಹೆಸರೂ ಮೇಲಿಂದ ದೊರೆಯುತ್ತದೆ.

ಅಂತಹ ಮಗುವನ್ನು ನೋಡಿ ನಗುವವರು ಎರಡು ಸಂಗತಿಗಳನ್ನು ನೆನೆಯಬೇಕು. 1909ರ ನವೆಂಬರ್ ತಿಂಗಳಲ್ಲಿ ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಹಿಂದಿರುಗುತ್ತಿದ್ದ ಕಿಲ್ಡೋನನ್ ಕ್ಯಾಸಲ್ ಎಂಬ ಹಡಗಿನಲ್ಲಿ ಗಾಂಧೀಜಿ ‘ಹಿಂದ್ ಸ್ವರಾಜ್’ ಗ್ರಂಥವನ್ನು ಬರೆದರು. ಬಲಗೈ ದಣಿದಾಗ ಅವರು ಲೇಖನಿಯನ್ನು ಎಡಗೈಗೆ ಬದಲಿಸಿದರು. ಹಸ್ತಪ್ರತಿಯ 275 ಪುಟಗಳಲ್ಲಿ ಸುಮಾರು 40 ಎಡಗೈಯಿಂದ ಬರೆದವು. ವಿಚಾರದ ಹರಿವಿಗೆ ಕೈಯ ಭೇದವಿರಲಿಲ್ಲ. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ಗದಗಿನ ಸುನಿಲ್ ಜೋಶಿ ತಮ್ಮ ಎಡಗೈ ಸ್ಪಿನ್ನಿನಿಂದ ದಕ್ಷಿಣ ಆಫ್ರಿಕ ತಂಡದ ಐವರನ್ನು, 10 ಓವರುಗಳಲ್ಲಿ ಕೇವಲ 6 ಓಟಗಳನ್ನು ಕೊಟ್ಟು, ಔಟ್ ಮಾಡಿದರು. ಬಲಗೈಯಿಂದಲೇ ಎಸೆಯಬೇಕೆಂದು ಬಾಲ್ಯದಲ್ಲಿ ಯಾರಾದರೂ ಅವರ ಕೈಯನ್ನು ತಿದ್ದಿದ್ದರೆ ಆ ದಿನದ ಆಟ ನಡೆಯುತ್ತಿರಲಿಲ್ಲ.

ಬಲಗಡೆಯು ಗೌರವದ ಪೀಠವಲ್ಲ. ಒಂದು ದೇಹದ ಪಕ್ಕ. ಎಲ್ಲರಿಗೂ ತಮ್ಮತಮ್ಮ ಬಲಗಡೆಯಿದೆ, ಅದು ಎದುರಿಗಿರುವವರ ಬಲಗಡೆಯಲ್ಲ. ಹಾದಿಹೋಕನಿಗೆ ದಾರಿ ತೋರಿಸುವವನು ಅವನ ಮುಖ ಎತ್ತ ಇದೆಯೆಂದು ನೋಡಿ ಹೇಳಿದರೆ ಅವನು ಊರನ್ನು ಸೇರುತ್ತಾನೆ. ವೈದ್ಯನು ರೋಗಿಯ ಪಕ್ಕವನ್ನು ಕೇಳಿ ತಿಳಿದರೆ ಒಂದು ಜೀವ ಉಳಿಯುತ್ತದೆ. ಎಡಗೈಯಲ್ಲಿ ಬರೆಯುವ ಗೆಳೆಯನ ಪಕ್ಕದಲ್ಲಿ ಕೂರುವ ವಿದ್ಯಾರ್ಥಿ ಅವನನ್ನು ಮಣೆಯ ಎಡತುದಿಯಲ್ಲಿ ಕೂರಿಸಿ ತಾನು ಅವನ ಬಲಕ್ಕೆ ಕುಳಿತರೆ ಇಬ್ಬರ ಮೊಣಕೈಗಳೂ ಒಂದಕ್ಕೊಂದು ತಾಗುವುದಿಲ್ಲ. ಇಬ್ಬರ ಅಕ್ಷರಗಳೂ ನೆಟ್ಟಗೆ ಬರುತ್ತವೆ.